ಗೂಟವಿಲ್ಲದ ಆಕಾಶ

ಪಂಢರೀನಾಥ ಬಾಗಲಕೋಟೆಯ ಸ್ಟೇಶನ್ನಿನಲ್ಲಿ ಇಳಿದಾಗ ಅವನು ಸತ್ತು ವರ್ಷದ ಮೇಲಾಗಿತ್ತು. ಸಾಯಿಸಿದವರು ನಾವೇ. ಹನ್ನೆರಡು ವರ್ಷ ಕಾದು, ಸುದ್ದಿಯಿಲ್ಲ ಸುಳಿವಿಲ್ಲ ಎಂದಾದ ಮೇಲೆ, ಬಾದಾಮಿಯಲ್ಲಿ ಅವನ ಮನೆಯವರು ಮುತ್ತಲದ ಎಲೆ, ಕಡ್ಡಿಗಳಿಂದ ಅವನ ಆಕಾರ ಮಾಡಿ, ಊರ ಹೊರಗೆ ಒಯ್ದು ಸುಟ್ಟು, ಹದಿಮೂರನೆಯ ದಿನದವರೆಗಿನ ಕರ್ಮವನ್ನೆಲ್ಲ ಮುಗಿಸಿದ್ದರು. ನಾಪತ್ತೆಯಾದವನಿಗೆ ಶಾಸ್ತ್ರ ಹೇಳುವುದು ಅದನ್ನೇ. ನಾನೂ ಹೋಗಿದ್ದೆ. ವಡೆ, ಪಾಯಸ ಉಂಡು ಬಂದಿದ್ದೆ.

ನಾನು ಪ್ರಹ್ಲಾದ. ಬಾಗಲಕೋಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಪಂಢರಿ ನನ್ನ ಕಾಲೇಜಿನ ಗೆಳೆಯ, ಮೇಲಾಗಿ ನನ್ನ ತಂಗಿ ಲೀಲಾಳ ಗಂಡ. ಲಗ್ನವಾಗಿ ಮೂರು ವರ್ಷಕ್ಕೆ ಚಲೇಜಾವ್ ಚಳವಳಿ ಬಂತು. ಟೆಲಿಗ್ರಾಫ್ ತಂತಿ ಕತ್ತರಿಸಿದ ಹುಡುಗರಲ್ಲಿ ಇವನೂ ಒಬ್ಬ. ವಾರಂಟು ಹೊರಟಿತೆಂದು ತಿಳಿದ ದಿನ ಉಟ್ಟ ಧೋತರದ ಮೇಲೆ ರೈಲು ಹತ್ತಿದ. ಆಗ ಲೀಲಾಳಿಗೆ ಹದಿನೆಂಟು ವರ್ಷ. ಅಂದಿನಿಂದ ಹನ್ನೆರಡು ವರ್ಷ ಅವಳು ಗಂಡ ಎಲ್ಲೋ ಇದ್ದಾನೆಂದು ಕುಂಕುಮ ಹಚ್ಚಿಕೊಂಡಳು. ಆಮೇಲೆ ಎಲೆಯ ಗೊಂಬೆಯೊಂದು ಸುಟ್ಟು ಬೂದಿಯಾಯಿತು, ಅತ್ತೆ ಬಳೆ ಒಡೆದರು, ಕರಿಮಣಿ ತೆಗೆದರು, ಅವಳು ವಿಧವೆಯಾದಳು.

ಅದು ೧೯೫೬ರ ನವೆಂಬರ್. ವಾರದ ಹಿಂದಷ್ಟೇ ನಮ್ಮ ಊರು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಹೋಗಿತ್ತು. ಹಾಸಿಗೆ ಸುತ್ತಲಿಲ್ಲ, ಗಾಡಿ ಕಟ್ಟಲಿಲ್ಲ. ಮಲಗಿದಲ್ಲೇ ಮಲಗಿ ಬೆಳಗಾದರೆ ಬೇರೆ ರಾಜ್ಯ. ಮೆರವಣಿಗೆಯ ತೋರಣ ಇನ್ನೂ ಒಣಗಿರಲಿಲ್ಲ. ಹೊರಗೆ ಯಾರೋ ನಿಂತಿದ್ದಾರೆಂದು ಮನೆಯವಳು ಹೇಳಿದಳು. ಹೋಗಿ ನೋಡಿದರೆ, ಕಿವಿಯ ಮೇಲೆ ನರೆಗೂದಲು ಬಂದ, ಕೆನ್ನೆ ಗುಳಿಬಿದ್ದ ಪಂಢರಿ. ಅವನು ಆಡಿದ ಮೊದಲ ಮಾತು ಇದು:

"ಪ್ರಹ್ಲಾದಾ, ಹಗ್ಗದ ಮಾತು ನೆನಪದ ಏನೋ? ಉತ್ತರಾ ಸಿಕ್ಕದ."

ನಾನು ಅವನ ಕಪಾಳಕ್ಕೆ ಹೊಡೆದೆ. ಆಮೇಲೆ ತಬ್ಬಿಕೊಂಡೆ. ಎರಡರಲ್ಲಿ ಯಾವುದು ಹೆಚ್ಚು ಜೋರಾಗಿತ್ತು ಎಂದು ಈಗಲೂ ಹೇಳಲಾರೆ.

ಹಗ್ಗದ ಮಾತು ಎಂದರೇನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಓದುವಾಗ ಪಂಢರಿ ಒಂದು ಪೇಪರಿನಲ್ಲಿ ನಾಪಾಸಾದ. ಪರೀಕ್ಷೆಯ ಮುಂಜಾನೆಗೆ ತಿರುಗಿ ಹೋಗುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಟ್ಟ. ನಾನು ಪಾಸಾಗಿದ್ದೆನಲ್ಲ, ಉಪದೇಶ ಮಾಡುವ ಹುರುಪು. ಹೋದರೂ ಪರೀಕ್ಷೆಯ ಕೋಣೆ ನಿನಗೆ ಸಿಗುವುದಿಲ್ಲ ಎಂದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಹದಿನೆಂಟೂವರೆ ಮೈಲಿ ಓಡುತ್ತದೆ. ಈ ಕಟ್ಟೆಯ ಮೇಲೆ ಕೂತು ನೀನು ಒಂದೇ ಒಂದು ತಾಸು ಹಿಂದಕ್ಕೆ ಜಿಗಿದರೂ, ಆ ಹೊತ್ತಿನಲ್ಲಿ ಈ ಕಟ್ಟೆ ಇಲ್ಲಿರಲಿಲ್ಲ, ಅರವತ್ತಾರು ಸಾವಿರ ಮೈಲಿ ಆಚೆ ಇತ್ತು. ಗಾಳಿಯಿಲ್ಲದ ಕತ್ತಲೆಯಲ್ಲಿ ಧೋತರ ಹಿಡಿದುಕೊಂಡು ತೇಲುತ್ತೀ, ಅಷ್ಟೆ.

ಅವನು ಸುಮ್ಮನೆ ಬಿಡುವ ಆಸಾಮಿಯಲ್ಲ. ಹಾಗಾದರೆ ಸರಿಯಾಗಿ ಒಂದು ವರ್ಷ ಹಿಂದಕ್ಕೆ ಹೋಗುತ್ತೇನೆ ಎಂದ. ಅಜ್ಜನ ಶ್ರಾದ್ಧದ ತಿಥಿ ಬಂದ ಹಾಗೆ ಭೂಮಿಯೂ ವರ್ಷಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದಲ್ಲ. ಸೂರ್ಯನೇನು ಮಠದ ಸ್ವಾಮಿಗಳ ಹಾಗೆ ಗದ್ದುಗೆಯ ಮೇಲೆ ಕೂತಿದ್ದಾನೆಯೇ ಎಂದೆ ನಾನು. ಅವನೂ ತನ್ನ ಸಂಸಾರವನ್ನೆಲ್ಲ ಕಟ್ಟಿಕೊಂಡು ಎಲ್ಲಿಗೋ ಹೊರಟಿದ್ದಾನೆ. ಭೂಮಿ ಒಮ್ಮೆ ಬಿಟ್ಟ ಜಾಗಕ್ಕೆ ಮತ್ತೆ ಬರುವುದೇ ಇಲ್ಲ. ಪಂಢರಿ ಎರಡು ದಿನ ಮಾತು ಬಿಟ್ಟು ಯೋಚಿಸಿದ. ಮೂರನೆಯ ದಿನ ಊಟದ ಎಲೆಯ ಮುಂದೆ ಕೂತು ಕೇಳಿದ:

"ಅದೇ ಜಾಗಾ, ಬ್ಯಾರೆ ಜಾಗಾ ಅಂತೀಯಲ್ಲ, ಯಾವುದರಿಂದ ಅಳದಿ? ಆಕಾಶದಾಗ ಗೂಟಾ ಎಲ್ಲಿ ಹೊಡದಿ ತೋರಸು."

ನನಗೆ ತೋರಿಸಲಾಗಲಿಲ್ಲ. ಆಕಾಶದಲ್ಲಿ ಗೂಟವಿಲ್ಲ, ಮೈಲಿಗಲ್ಲಿಲ್ಲ. ಓಡುವ ರೈಲಿನಲ್ಲಿ ಕೂತವನಿಗೆ ಕಾಲ ಬಳಿಯ ತಂಬಿಗೆ ಇದ್ದಲ್ಲೇ ಇದೆ. ಹೊಲದಲ್ಲಿ ನಿಂತವನಿಗೆ ಅದೇ ತಂಬಿಗೆ ಭರ್ರನೆ ಹೋಗಿಬಿಟ್ಟಿತು. ಇಬ್ಬರೂ ಸುಳ್ಳು ಹೇಳುವುದಿಲ್ಲ. ಅಂದ ಮೇಲೆ ಕಾಲದಲ್ಲಿ ಜಿಗಿಯುವವನು ಯಾವುದಕ್ಕೆ ತನ್ನನ್ನು ಕಟ್ಟಿಕೊಂಡಿದ್ದಾನೋ ಅದರ ಬಳಿ ಇಳಿಯುತ್ತಾನೆ. ನಾನು ಭೂಮಿಗೇ ಕಟ್ಟಿಕೊಂಡು ಜಿಗಿಯುತ್ತೇನೆ ಎಂದ ಪಂಢರಿ. ಯಾವ ಹಗ್ಗದಿಂದ ಎಂದೆ ನಾನು. ವಾದ ಅಲ್ಲಿಗೆ ನಿಂತಿತು. ಅವನ ಲಗ್ನವಾದ ಮೇಲೂ ನಾನು ಬಾದಾಮಿಗೆ ಹೋದಾಗಲೆಲ್ಲ ಅವರ ಮನೆಯ ಕಟ್ಟೆಯ ಮೇಲೆ ಅದೇ ಮಾತು. ಲೀಲಾ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಈಗ ಹದಿಮೂರು ವರ್ಷದ ಮೇಲೆ ಉತ್ತರ ಹೊತ್ತು ಬಂದಿದ್ದ. ಬಿಹಾರದ ಕಲ್ಲಿದ್ದಲ ಗಣಿಯೊಂದರಲ್ಲಿ ಕಾರಕೂನನಾಗಿದ್ದನಂತೆ. ಮೊದಲು ವಾರಂಟಿನ ಹೆದರಿಕೆ. ಸ್ವರಾಜ್ಯ ಬಂದ ಮೇಲೆ, ಇಷ್ಟು ದಿನ ಒಂದು ಕಾರ್ಡೂ ಬರೆಯದವನು ಯಾವ ಮುಖ ಹೊತ್ತು ಹೋಗಲಿ ಎಂಬ ನಾಚಿಕೆ. ನಾಚಿಕೆ ವರ್ಷಕ್ಕೊಮ್ಮೆ ಮರಿ ಹಾಕಿತು. ಅಲ್ಲಿ ಕೂತು ಅವನು ದಿನಾ ಬಾದಾಮಿಯ ಮನೆ ನೆನೆಯುತ್ತಿದ್ದ, ಮತ್ತು ಹಗ್ಗ ಹುಡುಕುತ್ತಿದ್ದ.

"ಹಗ್ಗಾ ಬ್ಯಾರೆ ಇಲ್ಲೋ. ನಾವು ಕ್ಷಣಾ ಕ್ಷಣಾ ನೆಲಾ ತುಳಕೋತ ಹೋಗ್ತೇವಿ, ಅದಕ್ಕ ಭೂಮಿ ನಮ್ಮನ್ನ ತನ್ನ ಜೋಡಿ ಒಯ್ತದ. ನಡೂವ ಒಂದು ಕ್ಷಣಾನೂ ಬಿಡದ ಇರೂದಽ ಹಗ್ಗ. ಜಿಗದವಗ ಹಗ್ಗ ಇಲ್ಲ."

ಉತ್ತರ ಸರಿಯಾಗಿತ್ತು. ನೂರಕ್ಕೆ ನೂರು ಕೊಟ್ಟೆ. ಅವನು ಹುಡುಗನ ಹಾಗೆ ನಕ್ಕ. ಆ ಉತ್ತರ ಯಾರಿಗೆ ಅನ್ವಯಿಸುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ವಿಜ್ಞಾನದ ಮಾಸ್ತರನಿಗೂ ಹೊಳೆಯಲಿಲ್ಲ.

ಚಹಾ ಕುಡಿಯುತ್ತಾ ಅವನು ಒಂದೊಂದನ್ನೇ ವಿಚಾರಿಸಿದ. ಹಿತ್ತಲಿನ ಕರಿಬೇವು ಇದೆಯೇ, ಅಟ್ಟದ ಮೇಲೆ ತನ್ನ ಪುಸ್ತಕದ ಪೆಟ್ಟಿಗೆ ಇದೆಯೇ, ಅವ್ವನ ತೂಗುಮಂಚ ಅಲ್ಲೇ ಇದೆಯೇ. ಎಲ್ಲಕ್ಕೂ ಇದೆ ಎಂದೆ. ಆಮೇಲೆ ಚೀಲದಿಂದ ಒಂದು ಕಾಗದದ ಸುರುಳಿ ತೆಗೆದು ಬಿಚ್ಚಿದ. ಹಸಿರು ಗಾಜಿನ ಬಳೆಗಳು. ಲೀಲಾಳಿಗೆಂದು ಸೊಲ್ಲಾಪುರದಲ್ಲಿ ಗಾಡಿ ಬದಲಿಸುವಾಗ ಕೊಂಡಿದ್ದನಂತೆ; ಅಂಗಡಿಯವನಿಗೆ ಅಳತೆ ತೋರಿಸಲು ತನ್ನ ಬೆರಳುಗಳನ್ನೇ ಸುತ್ತಿ ಹಿಡಿದಿದ್ದನಂತೆ. ಆಗ ನಾನು ಎಲೆಯ ಗೊಂಬೆಯ ಕತೆ ಹೇಳಲೇಬೇಕಾಯಿತು. ಅವನು ಬಹಳ ಹೊತ್ತು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಲೀಲಾ ಈಗ ಬಾದಾಮಿಯಲ್ಲಿಲ್ಲ, ಟ್ರೇನಿಂಗ್ ಮುಗಿಸಿ ಆರು ವರ್ಷದಿಂದ ಹುನಗುಂದದ ಹೆಣ್ಣುಮಕ್ಕಳ ಸಾಲೆಯಲ್ಲಿ ಮಾಸ್ತರಿಣಿ ಎಂದೆ. ಬಾದಾಮಿಗೆ ಬರಲಿಕ್ಕೆ ಹೇಳಿ ಕಳಿಸು ಎಂದ. ಹೇಗಿದ್ದಾಳೆ ಎಂದು ಕೇಳಲಿಲ್ಲ.

ಹುನಗುಂದದ ಬಸ್ಸಿನ ಕಂಡಕ್ಟರ ಹುಸೇನಪೀರ ನನ್ನ ಹಳೆಯ ವಿದ್ಯಾರ್ಥಿ. ಅವನ ಕೈಯಲ್ಲಿ ಸುದ್ದಿ ಕಳಿಸಿದೆ. ತಿರುಗಿ ಬಂದ ಉತ್ತರ ಒಂದೇ ಮಾತು, "ತಿಳೀತು." ಅವಳು ಬರಲಿಲ್ಲ.

ಮರುದಿನ ನಾನು, ಪಂಢರಿ ರೈಲಿನಲ್ಲಿ ಬಾದಾಮಿಗೆ ಹೋದೆವು. ಟಾಂಗಾ ಮನೆಯ ಮುಂದೆ ನಿಂತಿತು. ಅವನ ತಾಯಿ ಭಾಗೀರಥೀಬಾಯಿ ಹೊರಗೆ ಓಡಿ ಬಂದವರು ಹೊಸ್ತಿಲಲ್ಲಿ ಗಕ್ಕನೆ ನಿಂತರು. ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮಗನನ್ನು ಮುಟ್ಟಲಿಲ್ಲ, ಒಳಗೆ ಕರೆಯಲೂ ಇಲ್ಲ. ಕರ್ಮ ಆದವನು ಹೊಸ್ತಿಲು ದಾಟುವಂತಿಲ್ಲ, ಪ್ರೇತ ಒಳಗೆ ಬಂದಂತೆ ಆಗುತ್ತದೆ. ಪಂಢರಿ ಕಟ್ಟೆಯ ಮೇಲೆ ಕೂತ. ತಾಯಿ ಒಳಗೆ, ಮಗ ಹೊರಗೆ. ನಡುವೆ ಒಂದು ಕೈ ಅಗಲದ ಕಟ್ಟಿಗೆಯ ಹೊಸ್ತಿಲು. ನನಗೆ ಮೈಯೆಲ್ಲ ಉರಿದುಹೋಯಿತು. ಎಂಥ ಶಾಸ್ತ್ರ ನಿಮ್ಮದು ಕಾಕೂ, ಹಡೆದವಳಿಗೆ ಕಣ್ಣಿಲ್ಲವೇ ಎಂದು ಒದರಾಡಿದೆ. ಅವರು ಮಗನ ಕಡೆಗೇ ನೋಡುತ್ತಾ ನಿಂತಿದ್ದರು.

ದಾರಿ ತೋರಿಸಿದವರು ಮನೆತನದ ಪುರೋಹಿತರು, ಕೃಷ್ಣಾಜಿ ಭಟ್ಟರು. ಸತ್ತನೆಂದು ಕರ್ಮ ಮಾಡಿಸಿಕೊಂಡವನು ತಿರುಗಿ ಬಂದರೆ ಅದಕ್ಕೂ ಶಾಸ್ತ್ರದಲ್ಲಿ ವಿಧಿಯಿದೆ: ಅವನನ್ನು ತುಪ್ಪದ ಪಾತ್ರೆಯಲ್ಲಿ ಕೂರಿಸಿ, ಅಲ್ಲಿಂದ ಎತ್ತಿ, ಹೊಸದಾಗಿ ಹುಟ್ಟಿಸಬೇಕು. ಜಾತಕರ್ಮ, ನಾಮಕರಣ, ಮುಂಜಿ ಎಲ್ಲ ಮತ್ತೆ ಮೊದಲಿನಿಂದ. ಆಮೇಲೆ ಲಗ್ನ. ಪಂಢರಿ ತಕ್ಷಣ ಒಪ್ಪಿದ. ಅವನ ಕಣ್ಣಲ್ಲಿ ಹಳೆಯ ಹೊಳಪು ಕಂಡೆ. ಪರೀಕ್ಷೆಯ ಮುಂಜಾನೆಗೆ ಇದೇ ದಾರಿ ಎಂದುಕೊಂಡಿರಬೇಕು. ವಿಧಿಗೆ ದಿನ ನೋಡಿ, ತುಪ್ಪ ಕೂಡಿಸಿ ಆಗುವವರೆಗೆ ಅವನು ಊಟ, ನಿದ್ದೆ ಎಲ್ಲ ಕಟ್ಟೆಯ ಮೇಲೇ ಮಾಡಿದ.

ನಾನು ನಗಬೇಕೆಂದೇ ಆ ದಿನ ಹೋಗಿದ್ದೆ. ಅಂಗಳದಲ್ಲಿ ತಾಮ್ರದ ದೊಡ್ಡ ಹಂಡೆ, ತಳಕ್ಕೆ ತುಪ್ಪ. ಮೂವತ್ತೈದು ದಾಟಿದ ಮೀಸೆಯ ಗಂಡಸು ಅದರಲ್ಲಿ ಮೊಣಕಾಲು ಮಡಚಿ, ತಲೆ ಬಗ್ಗಿಸಿ ಕೂತಿದ್ದ. ಭಟ್ಟರು ಸಂಕಲ್ಪ ಹೇಳಿದರು: ಜಂಬೂದ್ವೀಪೇ, ಭರತಖಂಡೇ, ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ, ದುರ್ಮುಖನಾಮ ಸಂವತ್ಸರೇ. ಎಷ್ಟು ವರ್ಷದಿಂದ ಕೇಳಿದ್ದರೂ ಆ ದಿನವೇ ನನ್ನ ಲಕ್ಷ್ಯಕ್ಕೆ ಬಂದದ್ದು: ನಮ್ಮವರು ಯಾವ ಕೆಲಸ ಮಾಡುವ ಮುಂಚೆಯೂ ಜಾಗ, ಕಾಲ ಎರಡನ್ನೂ ಕೂಡಿಸಿ ಹೇಳುತ್ತಾರೆ. ಸೂರ್ಯ ಯಾವ ರಾಶಿ, ಚಂದ್ರ ಯಾವ ನಕ್ಷತ್ರ ಎಲ್ಲ ಬರುತ್ತದೆ. ಭೂಮಿ ಎಲ್ಲಿದೆ ಎಂಬುದು ಮಾತ್ರ ಬರುವುದಿಲ್ಲ. ಹಂಡೆಯೊಳಗಿನಿಂದ ಪಂಢರಿ ಮೆಲ್ಲಗೆ, ಭಟ್ಟರ ಗೂಟ ಗೋದಾವರಿ ದಂಡೆಯಲ್ಲಿದೆ ನೋಡು ಎಂದ. ನಾನು ಬಾಯಿಗೆ ವಸ್ತ್ರ ಒತ್ತಿಕೊಂಡೆ.

ಆದರೆ ಭಾಗೀರಥೀಬಾಯಿ ಹಂಡೆಯ ಬಳಿ ಬಂದು, ಮಗನ ತಲೆಯನ್ನು ಎರಡೂ ಕೈಯಿಂದ ಎತ್ತಿ, ಹಳೆಯ ಸೀರೆಯ ತುಂಡಿನಿಂದ ತುಪ್ಪ ಒರೆಸಿ, ಅವನನ್ನು ತೊಡೆಯ ಮೇಲೆ ಒರಗಿಸಿಕೊಂಡು ನಾಲಿಗೆಗೆ ಜೇನುತುಪ್ಪ ಹಚ್ಚಿದಾಗ ನನ್ನ ನಗು ಎಲ್ಲಿ ಹೋಯಿತೋ. ಮುದುಕಿಯ ಕಣ್ಣೀರು ಅವನ ನೆತ್ತಿಯ ಮೇಲೆ ಬೀಳುತ್ತಿತ್ತು. ಹೆಸರಿಡುವಾಗ ಕಿವಿಯಲ್ಲಿ ಅದೇ ಹೆಸರನ್ನೇ ಹೇಳಿದರು. ಹೊಸ್ತಿಲಲ್ಲಿ ಆ ದಿನ ಅವರು ಪಟ್ಟ ಪಾಡು ನನಗೆ ಆಗ ಅರ್ಥವಾಯಿತು, ಒದರಾಡಿದ್ದಕ್ಕೆ ನಾಚಿಕೆಯಾಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಲಗ್ನದ ತಯಾರಿ ಆಗಲೇ ನಡೆದಿತ್ತು. ತುಳಸಿ ಲಗ್ನ ಮುಗಿದ ಮೇಲಿನ ಮುಹೂರ್ತ ನೋಡಿದ್ದರು, ಶಾವಿಗೆ ಹೊಸೆಯಲು ಹೆಂಗಸರು ಬಂದಿದ್ದರು. ನಮ್ಮ ತಂದೆತಾಯಿ ಇಲ್ಲ, ಆದ್ದರಿಂದ ಧಾರೆ ಎರೆದು ಕೊಡಬೇಕಾದವನು ನಾನೇ. ಇಲಕಲ್ಲಿಗೆ ಹೋಗಿ ಸೀರೆ ತಂದುಬಿಡು, ಬರುವಾಗ ಹುನಗುಂದದಲ್ಲಿ ಇಳಿದು ಅವಳನ್ನು ಕರೆದುಕೊಂಡು ಬಾ ಎಂದು ಭಾಗೀರಥೀಬಾಯಿ ಹೇಳಿದರು. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಕೃಷ್ಣಾಜಿ ಭಟ್ಟರು ತಲೆ ಎತ್ತಿದರು.

"ಮೊದಲ ಆಕೀನ್ನ ಕೇಳಬೇಕಲ್ರಿ ಬಾಯಾರ. ಇಂವ ಹೊಸದಾಗಿ ಹುಟ್ಟಿದಂವ. ಸತ್ತವನ ಹೆಂಡ್ತಿ ಮ್ಯಾಲೆ ಇವಗ ಹಕ್ಕಿಲ್ಲ. ಆಕಿ ಒಪ್ಪಿದರ ಲಗ್ನ, ಒಲ್ಲೆ ಅಂದ್ರ ಇಲ್ಲ."

ಅಂಗಳದಲ್ಲಿ ಶಾವಿಗೆ ಹೊಸೆಯುವ ಕೈಗಳು ನಿಂತವು. ಕುಲದ ಗೌರವಕ್ಕೆ ಕುಂದು ಬರಬಾರದೆಂದು ಕ್ರಮಬದ್ಧವಾಗಿ ಮಗನನ್ನು ಸುಟ್ಟಿದ್ದರು, ಕ್ರಮಬದ್ಧವಾಗಿ ಹುಟ್ಟಿಸಿದ್ದರು. ಆ ಎರಡರ ನಡುವೆ ಸೊಸೆಯ ಗಂಟು ಬಿಚ್ಚಿಹೋದದ್ದು ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ಹದಿನೈದರ ಹುಡುಗಿಯನ್ನು ಕೇಳದೆ ಕೊಟ್ಟಿದ್ದೆವು. ಈಗ ಮೂವತ್ತೊಂದರ ಹೆಂಗಸನ್ನು ಕೇಳಬೇಕಾಗಿತ್ತು. ಪಂಢರಿ ಮಾತ್ರ ನಿಶ್ಚಿಂತನಾಗಿದ್ದ. ಒಲ್ಲೆ ಅನ್ನಲಿಕ್ಕೆ ಅವಳಿಗೇನು ಹುಚ್ಚೇ ಎಂದು, ಬಳೆಯ ಸುರುಳಿಯನ್ನು ನನ್ನ ಕೈಗೆ ಕೊಟ್ಟು ಕಳಿಸಿದ.

ಇಲಕಲ್ಲಿನಲ್ಲಿ ಅಂದಾನಪ್ಪನವರ ಅಂಗಡಿ. ಗಾದಿಯ ಮೇಲೆ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹಾಕಿ, ಯಾರಿಗೆ ಬೇಕು, ಮದುಮಗಳಿಗೋ ಹಿರಿಯರಿಗೋ ಎಂದು ಕೇಳಿದರು. ಸುಲಭದ ಪ್ರಶ್ನೆಯೇ. ಮೊನ್ನೆಯವರೆಗೆ ವಿಧವೆ, ನಾಳೆ ಮದುಮಗಳು, ಇವತ್ತು ಏನು? ಸುಮ್ಮನೆ ನನ್ನ ಕಣ್ಣಿಗೆ ಚೆಂದ ಕಂಡದ್ದನ್ನು ಆರಿಸಿದೆ, ನವಿಲು ಬಣ್ಣದ ಒಡಲು, ಕೆಂಪು ಸೆರಗು.

ಹುನಗುಂದದಲ್ಲಿ ಲೀಲಾ, ಸಂಗವ್ವ ಎಂಬ ಮುದುಕಿಯ ಮನೆಯಲ್ಲಿ ಒಂದು ಖೋಲಿ ಹಿಡಿದಿದ್ದಳು. ಆ ದಿನ ರವಿವಾರ. ಅಂಗಳದಲ್ಲಿ ನಾಲ್ಕಾರು ಹುಡುಗಿಯರು ಅವಳ ಸುತ್ತ ಕೂತು ಪಾಟಿಯ ಮೇಲೆ ಗುಣಾಕಾರ ಮಾಡುತ್ತಿದ್ದರು. ನನ್ನನ್ನು ನೋಡಿ ಅವರನ್ನು ಮನೆಗೆ ಕಳಿಸಿದಳು, ಅವಲಕ್ಕಿ ಹಚ್ಚಿಕೊಟ್ಟಳು. ನಾನು ಎಲ್ಲ ಹೇಳಿದೆ. ಹಂಡೆಯ ಕತೆಗೆ ನಕ್ಕಳು, ಅತ್ತೆ ಅತ್ತದ್ದನ್ನು ಹೇಳಿದಾಗ ನಗು ನಿಲ್ಲಿಸಿದಳು. ಸೀರೆಯ ಗಂಟು, ಬಳೆಯ ಸುರುಳಿ ಮುಂದಿಟ್ಟೆ. ಅವಳು ಒಂದು ಬಳೆ ತೆಗೆದು ತೊಡಲು ನೋಡಿದಳು. ಬೆರಳ ಗೆಣ್ಣಿನ ಹತ್ತಿರವೇ ನಿಂತುಬಿಟ್ಟಿತು. ಜೋರು ಮಾಡಲಿಲ್ಲ, ಮೆಲ್ಲಗೆ ಹಿಂದೆ ಸರಿಸಿ, ಮತ್ತೆ ಕಾಗದದಲ್ಲಿ ಸುತ್ತಿದಳು.

"ಇವು ನನ್ನವಲ್ಲ ಅಣ್ಣಾ. ಹದಿನೆಂಟು ವರ್ಷದ ಹುಡಿಗೀವು."

ಬಳೆಯದೇನು, ದೊಡ್ಡವು ಸಿಗುತ್ತವೆ, ಹೂಂ ಅಂದುಬಿಡು, ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದೆ. ನನಗೂ ಅವಸರವಿತ್ತು. ತಂಗಿಯ ಬಾಳು ಸರಿಹೋಗಬೇಕು, ಗೆಳೆಯ ಮನೆ ಸೇರಬೇಕು, ಹದಿಮೂರು ವರ್ಷದ ಭಾರ ನನ್ನ ತಲೆಯಿಂದ ಇಳಿಯಬೇಕು. ಅವನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ.

"ಇತ್ತು. ಸಿಟ್ಟು ಇದ್ದಾಗ ಬಂದಿದ್ರ ಛಲೋ ಇತ್ತು."

ಆಮೇಲೆ ಅವಳು ತಾನಾಗಿ ಹೇಳಿದಳು. ಮೊದಲ ವರ್ಷ ಬಂದಿದ್ದರೆ ಬರಿಗಾಲಲ್ಲಿ ಸ್ಟೇಶನ್ನಿಗೆ ಓಡುತ್ತಿದ್ದಳಂತೆ. ಸ್ವರಾಜ್ಯದ ವರ್ಷ ಬಂದಿದ್ದರೆ ಬೈದು, ಅತ್ತು, ಊಟ ಬಡಿಸುತ್ತಿದ್ದಳಂತೆ. ಆ ಮೇಲೆ ಒಂದೊಂದೇ ದಿನ ದಾಟಿ, ಓದಿ, ಊರು ಬಿಟ್ಟು, ಇಲ್ಲಿಗೆ ಬಂದು ಮುಟ್ಟಿದ್ದಾಳೆ. ಇಲ್ಲಿ ನಾಲ್ಕನೇ ಇಯತ್ತೆಯ ಹುಡುಗಿಯರು ಅವಳಿಗೆ ಹೆದರುತ್ತಾರೆ, ಸಂಗವ್ವ ಅವಳನ್ನು ಬಿಟ್ಟು ಉಣ್ಣುವುದಿಲ್ಲ. ಹಳೆಯ ದಿನ ನೆನಪಾದರೆ ಮೊದಲು ನೆನಪಿಗೆ ಬರುವುದು ಬಾದಾಮಿಯ ಸ್ಟೇಶನ್ನಿನ ದಾರಿಯಂತೆ. ಟಾಂಗಾ ಬೇಡವೆಂದು ಪಂಢರಿ ಮುಂದೆ ಮುಂದೆ ನಡೆಯುತ್ತಿದ್ದ, ಹಿಂತಿರುಗಿ ನೋಡುತ್ತಿರಲಿಲ್ಲ, ಅವಳು ದೊಡ್ಡ ಸೀರೆ ಎತ್ತಿ ಹಿಡಿದು ಹಿಂದೆ ಓಡುತ್ತಿದ್ದಳು. ಅದನ್ನು ನಾನೂ ಕಂಡಿದ್ದೆ. ಅವರ ಟ್ರಂಕು ಹೊತ್ತು ನಡುವೆ ನಡೆದವನು ನಾನೇ.

"ನಿಮ್ಮ ಹಗ್ಗದ ಮಾತು ಒಳಗ ನಿಂತು ನಾನೂ ಕೇಳ್ತಿದ್ದೆ, ಅಣ್ಣಾ," ಎಂದಳು. "ಅವರು ನನ್ನ ಬಿಟ್ಟುಹೋದ ಜಾಗಕ್ಕ ಬರೋಬ್ಬರಿ ಬಂದು ಇಳದಾರ. ಆ ಜಾಗದಾಗ ನಾ ಇಲ್ಲ."

ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಎದ್ದು ಎರಡೂ ಗಂಟು ಎತ್ತಿಕೊಳ್ಳಲು ಹೋದೆ. ಅವಳು ಬಳೆಯ ಸುರುಳಿಯನ್ನು ನನ್ನ ಕೈಗಿಟ್ಟಳು. ಸೀರೆಯನ್ನು ಬಿಚ್ಚಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು.

"ಸೀರಿ ಇಟ್ಟು ಹೋಗು. ನಾ ಉಟಗೋತೇನಿ. ಲಗ್ನಕ್ಕಲ್ಲ."

ಬಾದಾಮಿಯಲ್ಲಿ ಭಾಗೀರಥೀಬಾಯಿ ಎಲ್ಲವನ್ನೂ ಕೇಳಿ ತೂಗುಮಂಚದ ಮೇಲೆ ಕೂತರು. ಬೈಯುತ್ತಾರೆಂದು ಕಾದೆ. ಅವಳ ಬಳೆ ಒಡೆದವಳು ನಾನಲ್ಲವೇ, ಈಗ ತೊಡು ಎಂದು ಯಾವ ಬಾಯಿಂದ ಹೇಳಲಿ ಎಂದಷ್ಟೇ ಅಂದರು. ಪಂಢರಿ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಇದ್ದ. ಹೋಗಿ ಪಕ್ಕದಲ್ಲಿ ಕೂತು, ಲೀಲಾ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ, ಬಳೆ ತಿರುಗಿ ಕೊಟ್ಟೆ. ಅವನು ಒಂದು ಬಳೆಯನ್ನು ಬೆರಳುಗಳ ನಡುವೆ ಹಿಡಿದುಕೊಂಡ. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರು ಒಗೆದು, ಹಿಂಡಿ, ಹೊತ್ತುಕೊಂಡು ಹೋದರು. ಆಮೇಲೆ ಅವನು ಕೇಳಿದ:

"ಈಗ ಆಕಿ ಎಲ್ಲಿದ್ದಾಳೋ?"

ಹುನಗುಂದದಲ್ಲಿ ಎಂದು ಮೊದಲೇ ಹೇಳಿದ್ದೆನಲ್ಲ ಎಂದೆ. ಅದಲ್ಲ ಎಂದ. ಮುಂಜಾನೆ ಎಷ್ಟಕ್ಕೆ ಏಳುತ್ತಾಳೆ, ಯಾರ ಜೊತೆ ಮಾತಾಡುತ್ತಾಳೆ, ಏನು ಓದುತ್ತಾಳೆ, ಏನು ಕಂಡರೆ ನಗುತ್ತಾಳೆ ಎಂದು ಕೇಳಿದ. ನನಗೂ ಹೆಚ್ಚೇನೂ ಗೊತ್ತಿರಲಿಲ್ಲ. ಗುಣಾಕಾರ ಕಲಿಸುತ್ತಾಳೆ, ಸಂಗವ್ವನ ಜೊತೆ ಉಣ್ಣುತ್ತಾಳೆ ಎಂದೆ. ಅಷ್ಟನ್ನೇ ಅವನು ಎರಡು ಸಲ ಹೇಳಿಸಿಕೊಂಡ. ತಿರುಗಿ ಬಂದ ದಿನದಿಂದ ಇದೆ ಏನು, ಇದೆ ಏನು ಎಂದು ಕೇಳುತ್ತಿದ್ದವನು, ತಾನು ಇಲ್ಲದಾಗ ಆದದ್ದರ ಬಗ್ಗೆ ಕೇಳಿದ್ದು ಅದೇ ಮೊದಲು. ಜಿಗಿದವನಿಗೆ ಹಗ್ಗ ಇಲ್ಲ ಎಂದು ತಾನೇ ಕಂಡುಹಿಡಿದದ್ದು ಅವನಿಗೆ ಆಗ ತಗಲಿತು. ಅವನ ಮುಖ ನೋಡಲಾರದೆ ನಾನು ನೀರು ನೋಡಿದೆ.

ಲಗ್ನದ ಮುಹೂರ್ತ ತಾನಾಗಿ ಬಂದು ತಾನಾಗಿ ಹೋಯಿತು. ಶಾವಿಗೆಯನ್ನು ನೆರೆಹೊರೆಗೆ ಹಂಚಿದರು. ಅದಾದ ಮೇಲೆ ಒಂದು ಸೋಮವಾರ ಪಂಢರಿ ಬಾಗಲಕೋಟೆಗೆ ಬಂದ. ಹುನಗುಂದಕ್ಕೆ ಹೋಗಬೇಕು, ಒಬ್ಬನೇ ಹೋಗುವ ಧೈರ್ಯವಿಲ್ಲ, ಬಾ ಎಂದ. ಕೈಯಲ್ಲಿ ಬಳೆ ಇರಲಿಲ್ಲ, ಸೀರೆ ಇರಲಿಲ್ಲ. ಸಾಲೆಗೆ ರಜೆ ಹಾಕಿ ಹೊರಟೆ. ಹುಸೇನಪೀರನ ಬಸ್ಸು ನಮ್ಮನ್ನು ಸಂಗವ್ವನ ಓಣಿಯ ಬಾಯಿಗೆ ಇಳಿಸಿ ಇಲಕಲ್ಲಿನ ಕಡೆಗೆ ಹೋಯಿತು.

ಲೀಲಾ ಆಗಷ್ಟೇ ಬಾಗಿಲಿಗೆ ಚಿಲಕ ಹಾಕಿ, ಪುಸ್ತಕ ಹಿಡಿದು ಅಂಗಳಕ್ಕೆ ಇಳಿದಿದ್ದಳು. ಮೈಮೇಲೆ ನವಿಲು ಬಣ್ಣದ ಇಲಕಲ್ಲ ಸೀರೆ, ಕೆಂಪು ಸೆರಗು. ಪಂಢರಿ ಓಣಿಯಲ್ಲೇ ನಿಂತ. ಅವಳೂ ನಿಂತಳು. ಅವನು ಅವಳನ್ನು ನೋಡಿದ, ನೋಡುತ್ತಲೇ ಇದ್ದ. ನನಗೆ ಪರಿಚಯ ಮಾಡಿಸಬೇಕೆನಿಸುವಷ್ಟು ಹೊಸದಾಗಿ ನೋಡಿದ. ಎಷ್ಟೋ ಮಾತು ಕಟ್ಟಿಕೊಂಡು ಬಂದಿದ್ದನೆಂದು ಬಸ್ಸಿನಲ್ಲಿ ಅವನ ತುಟಿ ಅಲ್ಲಾಡುವುದು ನೋಡಿ ತಿಳಿದಿದ್ದೆ. ಹೊರಗೆ ಬಂದದ್ದು ಒಂದೇ.

"ಬರಲೇನು?"

ಅವನು ಅವಳನ್ನು ಏನನ್ನಾದರೂ ಕೇಳಿದ್ದು ನಾನು ಕಂಡಂತೆ ಅದೇ ಮೊದಲ ಸಲ. ಲೀಲಾ ಪುಸ್ತಕವನ್ನು ಇನ್ನೊಂದು ಕೈಗೆ ಬದಲಿಸಿದಳು.

"ಸಾಲಿ ಗಂಟಿ ಆಗ್ತದ. ನಿಂತು ಮಾತಾಡ್ಲಿಕ್ಕೆ ಆಗೂದಿಲ್ಲ. ಬರೂದಿದ್ರ ನಡಕೋತ ಬರ್ರಿ."

ಅಂದವಳೇ ಹೊರಟಳು. ಚುರುಕಿನ ನಡಿಗೆ, ಹಿಂತಿರುಗಿ ನೋಡಲಿಲ್ಲ. ಪಂಢರಿ ಹಿಂದೆ ಹೊರಟ. ಅವನ ಹೆಜ್ಜೆ ಮೊದಲಿನಿಂದಲೂ ಉದ್ದ. ನಾಲ್ಕು ಹೆಜ್ಜೆಗೆ ಅವಳನ್ನು ದಾಟಿ ಮುಂದೆ ಹೋಗಿಬಿಟ್ಟ. ತಟ್ಟನೆ ತಿಳಿದು ತಡೆದ, ಈ ಸಲ ತೀರ ಹಿಂದೆ ಉಳಿದ, ಮತ್ತೆ ಅವಸರ ಮಾಡಿದ. ಓಣಿಯ ಹೆಂಗಸರು ಕೊಡ ಹಿಡಿದು ನಿಂತು ನೋಡಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ಹೆಜ್ಜೆ ಅವಳ ಹೆಜ್ಜೆಗೆ ಹೊಂದಿತು.

ನಾನು ಸಂಗವ್ವನ ಕಟ್ಟೆಯ ಮೇಲೆ ಕೂತು, ಅವರು ಮೂಲೆ ತಿರುಗುವವರೆಗೂ ನೋಡಿದೆ. ಇಬ್ಬರ ನಡುವೆ ಒಂದು ಮಾರಿನಷ್ಟು ಅಂತರವಿತ್ತು. ಅದು ಕಡಿಮೆಯಾಗಲಿಲ್ಲ, ಹೆಚ್ಚಲೂ ಇಲ್ಲ. ಓಡುವ ಎರಡರ ನಡುವಿನ ಅಂತರ ಬದಲಾಗದಿದ್ದರೆ, ಒಂದರ ಪಾಲಿಗೆ ಇನ್ನೊಂದು ನಿಂತೇ ಇದೆ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಕಲಿಸುತ್ತೇನೆ.